ಕಿಟಕಿ ಗಾಜಿನ ಬಿಳಿ ಕಲೆಗೆ ಲೇಬಲ್ ಇಲ್ಲದ ಬಾಟಲಿ ಬಳಸಲು ಬಿಡಬೇಡಿ

ನಮ್ಮ ಮನೆಯ ಎರಡು ಕಿಟಕಿಗಳ ಗಾಜು ಮಂಜು ಹಿಡಿದಂತಾಗಿದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅದು ಕೊಳೆಯಲ್ಲ, ರಾಸಾಯನಿಕ ಗಾಜಿನ ಮೇಲ್ಮೈಯನ್ನೇ ತಿಂದುಹಾಕಿದೆ.

ಕಿಟಕಿ ತೊಳೆಯಲು ಬಂದವರು ಗಡಸು ನೀರಿನ ಕಲೆಗೆಂದು ಲೇಬಲ್ ಇಲ್ಲದ ಪ್ಲಾಸ್ಟಿಕ್ ಬಾಟಲಿಯಿಂದ ಏನನ್ನೋ ಸಿಂಪಡಿಸಿ, ಪಕ್ಕದ ಕೋಣೆ ನೋಡಲು ಹೋದರು. "ಮಾಮೂಲಿ ಆಸಿಡ್, ಗಾಜಿಗೇನೂ ಆಗಲ್ಲ" ಅಂದಿದ್ದರು. ಕಲೆಯೇನೋ ಹೋಯಿತು. ಗಾಜು ಒಣಗಿದ ಮೇಲೆ ದ್ರಾವಣ ಇಳಿದ ಜಾಡೆಲ್ಲ ಬಿಳಿಚಿಕೊಂಡು ಕಾಣಿಸಿತು. ಅಲ್ಯೂಮಿನಿಯಂ ಚೌಕಟ್ಟಿನ ಮೇಲೂ ಅದೇ ಗೆರೆಗಳು, ಕೆಳಗಿನ ಮಾರ್ಬಲ್ ಹಾಸಿನ ಹೊಳಪೂ ಹಾಳು. ಪಟ್ಟು ಹಿಡಿದು ಮೂಲ ಕ್ಯಾನ್ ತರಿಸಿ ನೋಡಿದರೆ, ಅದರ ಮೇಲೆ ಅಮೋನಿಯಂ ಬೈಫ್ಲೋರೈಡ್ ಎಂದಿತ್ತು.

ಈ ಹೆಸರನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ವಿನಿಗರ್, ಸಿಟ್ರಿಕ್ ಆಸಿಡ್‌ಗಳಿಗೆ ಗಾಜು ಜಗ್ಗುವುದಿಲ್ಲ, ನಿಜ. ಆದರೆ ಬೈಫ್ಲೋರೈಡ್ ನೀರಿನಲ್ಲಿ ಕರಗಿದಾಗ ಹೈಡ್ರೋಫ್ಲೋರಿಕ್ ಆಸಿಡ್ ಉಂಟಾಗುತ್ತದೆ. ಗಾಜಿನ ಮುಖ್ಯ ಘಟಕವಾದ ಸಿಲಿಕಾವನ್ನೇ ಕರಗಿಸುವ ಆಸಿಡ್ ಅದು. ಗಾಜಿಗಿಂತ ಹೆಚ್ಚು ನನಗೆ ದಿಗಿಲು ಹುಟ್ಟಿಸಿದ್ದು ಆ ಕೆಲಸಗಾರರ ಬರಿಗೈ. ತೆಳುವಾದ ಫ್ಲೋರೈಡ್ ದ್ರಾವಣ ಚರ್ಮಕ್ಕೆ ತಾಗಿದರೆ ಉರಿ ತಕ್ಷಣ ಗೊತ್ತಾಗದೇ ಇರಬಹುದು, ಗಂಟೆಗಟ್ಟಲೆ ತಡವಾಗಿ ನೋವು ಶುರುವಾಗಬಹುದು. ಅಷ್ಟರಲ್ಲಿ ಅದು ಒಳಗಿಳಿದು ದೇಹದ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ತಾಗಿದ್ದು ಗೊತ್ತಾದರೆ ನೋವಿಗೆ ಕಾಯಬೇಡಿ. ಕೂಡಲೇ ಧಾರಾಳ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ, "ಫ್ಲೋರೈಡ್" ಎಂದೇ ಹೇಳಿ. ಇದಕ್ಕೆ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಹಚ್ಚುವ ಚಿಕಿತ್ಸೆಯೇ ಬೇರೆ ಇದೆ.

ದಿನನಿತ್ಯದ ಧೂಳಿಗೆ ಇಷ್ಟೆಲ್ಲ ಬೇಕಾಗಿಯೇ ಇಲ್ಲ. ಒಂದು ಬಕೆಟ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಕೆಲವೇ ಹನಿ, ಮೇಲಿನಿಂದ ಕೆಳಕ್ಕೆ ರಬ್ಬರ್ ವೈಪರ್, ಅಷ್ಟು ಸಾಕು. ಸೋಪು ಜಾಸ್ತಿಯಾದರೆ ಗೆರೆ ಉಳಿಯುತ್ತದೆ. ಬಿಸಿಲು ಬಿದ್ದ ಗಾಜು ಒರೆಸುವ ಮೊದಲೇ ಒಣಗುವುದರಿಂದ ನೆರಳಿದ್ದಾಗ ತೊಳೆಯಿರಿ. ಗಡಸು ನೀರಿನ ಬಿಳಿ ಕಲೆ ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಬಿಳಿ ವಿನಿಗರ್‌ಗೆ ಸಮಪ್ರಮಾಣದ ನೀರು ಬೆರೆಸಿ, ಬಟ್ಟೆಯನ್ನು ಅದರಲ್ಲಿ ಅದ್ದಿ ಕಲೆಯ ಮೇಲೆ ಕೆಲವು ನಿಮಿಷ ಒತ್ತಿಟ್ಟರೆ ಕರಗುತ್ತದೆ. ಸಿಂಪಡಿಸುವುದು ಬೇಡ, ಏಕೆಂದರೆ ಮಾರ್ಬಲ್ ಕೂಡ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಕೆಳಗೆ ಸುರಿದರೆ ಕಲ್ಲೂ ಕರಗುತ್ತದೆ.

ಅಮೋನಿಯಾ ಇರುವ ಸ್ಪ್ರೇಗಳು ಬರೀ ಗಾಜಿಗೆ ಒಗ್ಗುತ್ತವೆ. ಟಿಂಟ್ ಫಿಲ್ಮ್ ಅಂಟಿಸಿದ್ದರೆ, ಗಾಜಿನ ಬದಲು ಅಕ್ರಿಲಿಕ್ ಅಥವಾ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಇದ್ದರೆ ಬೇಡವೇ ಬೇಡ. ಇನ್ನು ಬ್ಲೀಚ್‌ಗೆ ಕಿಟಕಿ ಗಾಜಿನ ಮೇಲೆ ಕೆಲಸವೇ ಇಲ್ಲ. ಅಮೋನಿಯಾ ಜೊತೆ ಸೇರಿದರೆ ಕ್ಲೋರಮಿನ್, ವಿನಿಗರ್ ಜೊತೆ ಸೇರಿದರೆ ಕ್ಲೋರಿನ್, ಎರಡೂ ವಿಷಾನಿಲಗಳೇ.

ಹೊರಗಿನವರಿಂದ ತೊಳೆಸುವುದಾದರೆ ಮೂಲ ಡಬ್ಬಿಯ ಲೇಬಲ್ ಕೇಳಿ. ತೋರಿಸದಿದ್ದರೆ ಕೆಲಸ ಶುರು ಮಾಡಲು ಬಿಡಬೇಡಿ. ತೋರಿಸಿದರೂ ಮೊದಲು ಒಂದು ಮೂಲೆಯಲ್ಲಿ ಹಚ್ಚಿ, ಒಣಗಿದ ಮೇಲೆ ನೋಡಿ, ಏಕೆಂದರೆ ಒದ್ದೆಯಿದ್ದಾಗ ಹಾನಿ ಕಾಣುವುದೇ ಇಲ್ಲ. ತೆಳುವಾಗಿ ಮಂಜಾದ ಗಾಜನ್ನು ಸೀರಿಯಂ ಆಕ್ಸೈಡ್ ಎಂಬ ಗಾಜು ಉಜ್ಜುವ ಪುಡಿಯಿಂದ ಪಾಲಿಷ್ ಮಾಡಿ ಸರಿಪಡಿಸಬಹುದು. ಆಳವಾಗಿ ಕೊರೆದಿದ್ದರೆ ಗಾಜನ್ನೇ ಬದಲಾಯಿಸಬೇಕು, ನಾವೀಗ ಅದನ್ನೇ ಮಾಡಿಸುತ್ತಿದ್ದೇವೆ.