ದಿನಕ್ಕೆರಡು ವಾಕ್ಯಗಳ ನೀಲಿ ಪುಸ್ತಕ: ಹೆರ್ನ್‌ಹೂಟಿನ ‘ಲೋಸುಂಗೆನ್’

ಸ್ಟುಟ್‌ಗಾರ್ಟಿಗೆ ಬಂದ ಮೊದಲ ವರ್ಷ ಕೊಂಡ ಜರ್ಮನ್ ಪುಸ್ತಕಗಳಲ್ಲಿ ಇಂದಿಗೂ ದಿನಾಲೂ ಕೈಗೆ ಬರುವುದು ಕೋಟಿನ ಜೇಬಿನಲ್ಲಿ ಹಿಡಿಸುವ ‘ಲೋಸುಂಗೆನ್’ (ದಿನದಿನದ ವಾಕ್ಯಗಳು) ಎಂಬ ಈ ನೀಲಿ ಹೊದಿಕೆಯ ಪುಸ್ತಕ ಒಂದೇ. ಮನೆಮನೆಯಲ್ಲೂ ದಿನನಿತ್ಯದ ಪ್ರಾರ್ಥನೆ ನಡೆಯುವಂತೆ ಮಾಡಲು ನೆರವಾಗುವ ಪುಸ್ತಕ ಯಾವುದಾದರೂ ಇದೆಯೇ ಎಂದು ಮಂಗಳೂರಿನ ನಮ್ಮ ಕ್ರೈಸ್ತ ಸಭೆಯ ಹಿರಿಯರೊಬ್ಬರು ಕೇಳಿದ್ದರಿಂದ, ಮೂರು ವರ್ಷ ಬಳಸಿದ ಮೇಲೆ ನನಗೆ ಅನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಾಕ್ಸನಿ ಪ್ರಾಂತದ ಹೆರ್ನ್‌ಹೂಟ್ ಎಂಬ ಸಣ್ಣ ಊರಿನ ಮೊರೇವಿಯನ್ ಸಭೆಯವರು (ಪ್ರೊಟೆಸ್ಟಂಟರ ಒಂದು ಪಂಗಡ) ಇದನ್ನು ಸಿದ್ಧಪಡಿಸುತ್ತಾರೆ. 1728ರ ಮೇ 3ರ ಸಂಜೆ ಆ ಸಭೆಯ ನಾಯಕರಾದ ಕೌಂಟ್ ತ್ಸಿಂಟ್ಸೆನ್‌ಡೋರ್ಫ್ ಮರುದಿನ ನೆನೆಯಲೆಂದು ಸಭೆಗೆ ಒಂದು ನುಡಿಯನ್ನು ಕೊಟ್ಟರು. ಅದರಿಂದ ಬೆಳೆದ ವಾಡಿಕೆಯಂತೆ ಸಹೋದರರು ಆಯಾ ದಿನದ ಮಾತನ್ನು ಮನೆಯಿಂದ ಮನೆಗೆ ಒಯ್ದು ತಿಳಿಸುತ್ತಿದ್ದರು. 1731ರಿಂದ ಅದು ಅಚ್ಚಾಗಿ ಬರುತ್ತಿದೆ. ಪ್ರತಿ ದಿನಕ್ಕೂ ಹಳೆಯ ಒಡಂಬಡಿಕೆಯ ಒಂದು ವಾಕ್ಯವನ್ನು ಚೀಟಿ ಎತ್ತಿ ಗೊತ್ತುಮಾಡುತ್ತಾರೆ, ಅದಕ್ಕೆ ಹೊಂದುವಂಥ ಹೊಸ ಒಡಂಬಡಿಕೆಯ ವಾಕ್ಯವೊಂದನ್ನು ಆರಿಸಿ ಜೋಡಿಸುತ್ತಾರೆ, ಕೆಳಗೆ ಗೀತೆಯ ಒಂದು ಚರಣವನ್ನೋ ಕಿರುಪ್ರಾರ್ಥನೆಯನ್ನೋ ಇಡುತ್ತಾರೆ. ವ್ಯಾಖ್ಯಾನವಿಲ್ಲ, ನೀತಿಕಥೆಯಿಲ್ಲ. ನಮ್ಮಲ್ಲಿ ಸಿಗುವ ಎಷ್ಟೋ ಧ್ಯಾನಪುಸ್ತಕಗಳಲ್ಲಿ ವಾಕ್ಯ ಎರಡು ಸಾಲು, ಉಪದೇಶ ಎರಡು ಪುಟ ಇರುವುದನ್ನು ಕಂಡವನಿಗೆ ಈ ಮೌನ ಹಿತವೆನಿಸಿತು.

ವಾಕ್ಯ ನಾನು ಆರಿಸಿದ್ದಲ್ಲ ಎಂಬುದೇ ಈ ಪುಸ್ತಕದ ನಿಜವಾದ ಬಲ. ಮೊದಲೆಲ್ಲ ನನ್ನ ಪ್ರಾರ್ಥನೆ ವೀಸಾ, ಬಾಡಿಗೆ, ಅಮ್ಮನ ಮಂಡಿನೋವು ಎಂದು ಸಾಗುವ ಅರ್ಜಿಯಂತಿತ್ತು. ಚೀಟಿಯಲ್ಲಿ ಬಂದ ವಾಕ್ಯ ನನ್ನ ಅಂದಿನ ಮನಸ್ಸಿಗೆ ಒಗ್ಗದಿರುವ ದಿನಗಳಲ್ಲಿಯೇ ನಾನು ತುಸು ಹೊತ್ತು ಸುಮ್ಮನೆ ಕುಳಿತು ಕೇಳುವುದನ್ನು ಕಲಿತೆ. ಎರಡನೆಯದಾಗಿ, ಒಂದೇ ಪುಟ ಆ ದಿನ ಇದನ್ನು ಓದುವ ಎಲ್ಲರ ಮನೆಯಲ್ಲೂ ತೆರೆದಿರುತ್ತದೆ. ಹೀಗೆ ಒಟ್ಟಾಗಿ ಪ್ರಾರ್ಥಿಸುವುದು ಆ ಊರಿಗೆ ಹೊಸದಲ್ಲ. 1727ರ ಆಗಸ್ಟಿನಲ್ಲಿ ಇದೇ ಹೆರ್ನ್‌ಹೂಟಿನಲ್ಲಿ 24 ಮಂದಿ ಪುರುಷರೂ 24 ಮಂದಿ ಸ್ತ್ರೀಯರೂ ದಿನದ ಗಂಟೆಗಳನ್ನು ಹಂಚಿಕೊಂಡು ಆರಂಭಿಸಿದ ಪ್ರಾರ್ಥನೆಯ ಸರದಿ ನೂರು ವರ್ಷಕ್ಕೂ ಮೀರಿ ನಡೆಯಿತು. ಭಾನುವಾರ ಹೂವು ತರುವುದಕ್ಕೆ, ಕಾಣಿಕೆ ಎತ್ತುವುದಕ್ಕೆ, ಕ್ರಿಸ್‌ಮಸ್ ಹಾಡಿಗೆ ಮನೆಮನೆ ಸುತ್ತುವುದಕ್ಕೆ ನಮ್ಮ ಸಭೆಯಲ್ಲೂ ಸರದಿ ಪಟ್ಟಿ ಇದೆ. ದಿನದ ಪ್ರಾರ್ಥನೆಯನ್ನು ಮಾತ್ರ ಅವರವರ ಮನಸ್ಸಿಗೆ ಬಿಟ್ಟಿದ್ದೇವೆ. ಆಸಕ್ತಿ ಬತ್ತಿದ ದಿನವೂ ವ್ಯವಸ್ಥೆ ನಮ್ಮನ್ನು ಮೊಣಕಾಲೂರಿಸುತ್ತದೆ ಎಂಬುದನ್ನು ಆ ಊರಿನವರು ಬಲ್ಲವರಾಗಿದ್ದರು.

ಜರ್ಮನ್ ಬಾರದವರಿಗೆ ಇದರಿಂದೇನು ಎಂದು ಕೇಳಬಹುದು. ಬೇಕಾಗಿರುವುದು ಅಧ್ಯಾಯ, ವಾಕ್ಯಗಳ ಸಂಖ್ಯೆ ಮಾತ್ರ, ಉಳಿದದ್ದು ನಮ್ಮ ಸತ್ಯವೇದದಲ್ಲಿಯೇ (ಕನ್ನಡ ಬೈಬಲಿನಲ್ಲಿಯೇ) ಇದೆ. ಹಿಂದಿನ ರಾತ್ರಿಯೇ ನಾನು ಸಂಖ್ಯೆಗಳನ್ನು ವಾಟ್ಸಾಪಿನಲ್ಲಿ ಕಳುಹಿಸುತ್ತೇನೆ, ಅಮ್ಮ ಬೆಳಗಿನ ಕಾಫಿಗೆ ಮುಂಚೆ ಓದುತ್ತಾರೆ. ಒಂದು ಎಚ್ಚರಿಕೆ ಬೇಕು: ಜರ್ಮನ್ ಬೈಬಲಿನಲ್ಲಿ ಹಲವು ಕೀರ್ತನೆಗಳ ಶಿರೋನಾಮವನ್ನೂ ವಾಕ್ಯವೆಂದು ಎಣಿಸುತ್ತಾರೆ. ಶುದ್ಧಹೃದಯವನ್ನು ಬೇಡುವ ವಾಕ್ಯ ಅಲ್ಲಿ ಕೀರ್ತನೆ 51:12, ನಮ್ಮಲ್ಲಿ 51:10. ಇದು ತಿಳಿಯದೆ ನಾನು ಕಳುಹಿಸಿದ ದಿನ ಅಮ್ಮ ರಕ್ಷಣಾನಂದದ ವಾಕ್ಯ ಓದಿ ಪ್ರಾರ್ಥಿಸಿ, ಸಂಜೆ ಫೋನಿನಲ್ಲಿ, “ನಿನ್ನ ಜರ್ಮನಿಯವರು ನಮಗಿಂತ ಎರಡು ವಾಕ್ಯ ಮುಂದೆ ಇದ್ದಾರಾ?” ಎಂದು ನಕ್ಕರು. ಹಳೆಯ ಒಡಂಬಡಿಕೆಯ ಕೊನೆಯ ಪುಸ್ತಕವಾದ ಮಲಾಕಿಯನ ನಾಲ್ಕನೆಯ ಅಧ್ಯಾಯವಂತೂ ಅಲ್ಲಿ ಮೂರನೆಯದರಲ್ಲಿಯೇ ಸೇರಿಹೋಗಿದೆ.

ಕೊರತೆಗಳೂ ಇವೆ. ಸಂದರ್ಭದಿಂದ ಕಿತ್ತ ಒಂಟಿ ವಾಕ್ಯವನ್ನು ಅಂದಿನ ರಾಶಿಫಲದಂತೆ ಓದುವ ಚಪಲ ಯಾರಿಗಾದರೂ ಬರುತ್ತದೆ; ಆದ್ದರಿಂದ ಆ ಅಧ್ಯಾಯವನ್ನು ಪೂರ್ತಿ ಓದುವುದು ಲೇಸು. ಎರಡು ನಿಮಿಷದಲ್ಲಿ ಮುಗಿಯುವ ಓದನ್ನೇ ಪ್ರಾರ್ಥನೆಯೆಂದುಕೊಳ್ಳುವ ಅಪಾಯವೂ ಉಂಟು, ನಾನೇ ಎಷ್ಟೋ ದಿನ ಹಾಗೆ ಮಾಡಿ ಎದ್ದಿದ್ದೇನೆ. ಇದರ ಆ್ಯಪ್ ಇದೆಯಾದರೂ, ಪ್ರಾರ್ಥನೆಗೆಂದು ಕೈಗೆತ್ತಿಕೊಂಡ ಫೋನು ಕಚೇರಿಯ ಮೇಲ್ ಕಂಡೊಡನೆ ಬೇರೆಯೇ ಕೆಲಸಕ್ಕೆ ಎಳೆದೊಯ್ಯುವುದರಿಂದ ಕಾಗದದ ಪ್ರತಿಯೇ ನನಗೆ ಇಷ್ಟ.

ಸಭಾಪಾಲಕರು ಭಾನುವಾರದ ಪ್ರಕಟಣೆಯಲ್ಲಿ ಮುಂದಿನ ಏಳು ದಿನಗಳ ವಾಕ್ಯಗಳನ್ನು ಓದಿ ಹೇಳಿದರೆ ಸಾಕು, ಯಾರೂ ಏನನ್ನೂ ಕೊಳ್ಳಬೇಕಾಗಿಲ್ಲ. ಹೊತ್ತನ್ನು ಮಾತ್ರ ಪ್ರತಿ ಮನೆಯವರೂ ತಾವೇ ಗೊತ್ತುಮಾಡಿಕೊಳ್ಳಬೇಕು, ಗೊತ್ತುಮಾಡಿದ ಮೇಲೆ ನೆಂಟರು ಬಂದರೂ ಬಿಡಬಾರದು. ಇಲ್ಲಿ ಜರ್ಮನಿಯಲ್ಲಿರುವವರು ಕೊಳ್ಳುವುದಾದರೆ ದಿನದಿನವೂ ಬರೆಯಲು ಖಾಲಿ ಜಾಗವಿರುವ ಆವೃತ್ತಿಯನ್ನು ಕೊಳ್ಳಿರಿ. ನಾನು ಆ ಜಾಗದಲ್ಲಿ ಕನ್ನಡದ ವಾಕ್ಯಸಂಖ್ಯೆಯನ್ನೂ ಅಂದು ಯಾರಿಗಾಗಿ ಪ್ರಾರ್ಥಿಸಬೇಕೋ ಅವರ ಹೆಸರನ್ನೂ ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳುತ್ತೇನೆ.