ಕೋಳಿ ಸಿಡುಬು ಪತ್ತೆಗೆ ಲ್ಯಾಂಪ್, ರಿಯಲ್ ಟೈಮ್, ಜೆಲ್ ಪಿಸಿಆರ್: ಮೂರನ್ನೂ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಹಳೇ ಜೆಲ್ ಪಿಸಿಆರ್‌ಗೆ, ಅಂದರೆ ವೈರಸ್ಸಿನ ಡಿಎನ್ಎಯ ಒಂದು ತುಂಡನ್ನು ಕೋಟಿಗಟ್ಟಲೆ ಪ್ರತಿ ಮಾಡಿ ಜೆಲ್‌ನಲ್ಲಿ ಗೆರೆಯಾಗಿ (ಬ್ಯಾಂಡ್) ನೋಡುವ ವಿಧಾನಕ್ಕೆ. ಬೇಗ ಫಲಿತಾಂಶ ಸಿಗುತ್ತದೆ ಅಂತ ನಮ್ಮ ಲ್ಯಾಬಿಗೆ ಒಂದೇ ಶಾಖದಲ್ಲಿ ಡಿಎನ್ಎ ಹೆಚ್ಚಿಸುವ, ಬಣ್ಣ ಬದಲಾಗುವ ಲ್ಯಾಂಪ್ ಕಿಟ್ ತರಿಸಿದ್ದೆವು. ಡಿಎನ್ಎ ಹೆಚ್ಚುತ್ತಿದ್ದಂತೆಯೇ ಅಳೆಯುವ, ಪಕ್ಕದ ವಿಭಾಗದ ರಿಯಲ್ ಟೈಮ್ ಪಿಸಿಆರ್ ಮೆಷೀನಿನಲ್ಲೂ ಅದೇ ಸ್ಯಾಂಪಲ್‌ಗಳನ್ನು ಹಾಕಿ ನೋಡಿದೆ. ಕೊನೆಗೆ ಕೈ ಹೋಗುವುದು ಮಾತ್ರ ಜೆಲ್ ಕಡೆಗೇ.

ಜುಟ್ಟಿನ ಮೇಲೆ, ಕಣ್ಣಿನ ಸುತ್ತ ಗಂಟು ಎದ್ದು ಹಕ್ಕಳೆ ಕಟ್ಟಿದ್ದರೆ ಅನುಭವಿ ಕಣ್ಣು ಅರ್ಧ ಉತ್ತರ ಹೇಳುತ್ತದೆ. ಕಷ್ಟ ಇರುವುದು ಬಾಯಿ, ಗಂಟಲಿನೊಳಗೆ ಹಳದಿ ಪೊರೆ ಕಟ್ಟುವ ಬಗೆಯಲ್ಲಿ. ಉಸಿರಿಗೆ ಒದ್ದಾಡುವ ಕೋಳಿ ನೋಡಿದರೆ ಗಂಟಲು, ಶ್ವಾಸನಾಳದ ಇನ್ನೊಂದು ರೋಗ ಲಾರಿಂಗೋಟ್ರೇಕೈಟಿಸ್ ಇರಬಹುದು ಅನ್ನಿಸುತ್ತದೆ. ಆದರೆ ಅದು ಹರ್ಪಿಸ್ ಗುಂಪಿನ ವೈರಸ್, ಅದರ ಲಸಿಕೆಯೇ ಬೇರೆ. ಡಿಎನ್ಎ ಪರೀಕ್ಷೆ ನಿಜವಾಗಿ ಬೇಕಾಗುವುದು ಇಲ್ಲಿ. ಮೊಟ್ಟೆಯ ಪೊರೆಯಲ್ಲಿ ವೈರಸ್ ಬೆಳೆಸಿ ನೋಡಬಹುದು, ಆದರೆ ಅದಕ್ಕೆ ದಿನಗಟ್ಟಲೆ ಕಾಯಬೇಕು.

ಲ್ಯಾಂಪ್ ಮೇಲೆ ನನಗೆ ತುಂಬಾ ಆಸೆ ಇತ್ತು. ಸುಮಾರು 65 ಡಿಗ್ರಿ ಶಾಖ ಒಂದೇ ಸಮ ಇಟ್ಟರೆ ಸಾಕು, ದೊಡ್ಡ ಮೆಷೀನು ಬೇಡ. ವೈರಸ್ ಇದ್ದರೆ ಗುಲಾಬಿ ಬಣ್ಣದ ಟ್ಯೂಬ್ ಹಳದಿಯಾಗುತ್ತದೆ. ಕೇಳಲು ಎಷ್ಟು ಚೆಂದ, ಅಲ್ವಾ?

ಆದರೆ ವೈರಸ್ಸೇ ಇಲ್ಲದ ನೆಗೆಟಿವ್ ಕಂಟ್ರೋಲ್ ಟ್ಯೂಬೂ ಹಳದಿಯಾಗತೊಡಗಿತು. ನೀರು ಬದಲಾಯಿಸಿದೆವು. ಪಿಪೆಟ್ ಬದಲಾಯಿಸಿದೆವು. ಬೇರೆ ಕೋಣೆಯಲ್ಲಿ ಕೂತು ಟ್ಯೂಬ್ ತುಂಬಿದೆವು. ಸ್ವಲ್ಪ ಸುಧಾರಿಸಿತು, ಪೂರ್ತಿ ಹೋಗಲಿಲ್ಲ. ಲ್ಯಾಂಪ್‌ನಲ್ಲಿ ನಾಲ್ಕರಿಂದ ಆರು ಪ್ರೈಮರ್ (ಪ್ರತಿ ಮಾಡುವುದನ್ನು ಶುರು ಮಾಡುವ ಪುಟ್ಟ ಡಿಎನ್ಎ ಚೂರುಗಳು) ಇರುತ್ತವೆ. ಜಾಸ್ತಿ ಹೊತ್ತು ಬಿಟ್ಟರೆ ಅವು ತಮ್ಮತಮ್ಮಲ್ಲೇ ಅಂಟಿಕೊಂಡು ಬೆಳೆಯಬಹುದು, ಆಗಲೂ ಬಣ್ಣ ತಿರುಗುತ್ತದೆ. ಸಮಯಕ್ಕೆ ಸರಿಯಾಗಿ ನಿಲ್ಲಿಸಿ ಅನ್ನುತ್ತದೆ ಕಿಟ್‌ನ ಸೂಚನೆ. ಸರಿ, ಆದರೆ ವೈರಸ್ ಕಡಿಮೆ ಇರುವ ಗಂಟಲಿನ ಸ್ವಾಬ್ ತಿರುಗುವುದೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ. ನಿಜವಾದ ಹಳದಿ ಯಾವುದು, ಸುಳ್ಳು ಹಳದಿ ಯಾವುದು ಅಂತ ಹೇಗೆ ಹೇಳುವುದು?

ಅಷ್ಟಕ್ಕೇ ಮುಗಿಯಲಿಲ್ಲ. ಡಿಎನ್ಎ ಹೆಚ್ಚುವಾಗ ದ್ರಾವಣ ಹುಳಿಯಾಗುತ್ತದೆ, ಬಣ್ಣ ಅದನ್ನು ತೋರಿಸುತ್ತದೆ, ಈ ಕಿಟ್ ಕೆಲಸ ಮಾಡುವುದು ಹಾಗೆ. ಆದ್ದರಿಂದ ಸ್ಯಾಂಪಲ್ಲೇ ಹುಳಿಯಾಗಿದ್ದರೆ ಬಿಸಿ ಮಾಡುವ ಮೊದಲೇ ಬಣ್ಣ ಕೆಡುತ್ತದೆ. ಹುಳಿ ಏರಲು ಬಿಡದ ಗಟ್ಟಿ ಬಫರ್‌ನಲ್ಲಿ ಡಿಎನ್ಎ ತೆಗೆದಿದ್ದರೆ ವೈರಸ್ ಇದ್ದರೂ ಗುಲಾಬಿಯಾಗೇ ಉಳಿಯಬಹುದು. ಅನುಮಾನ ಬಂದು ಟ್ಯೂಬ್ ತೆರೆದು ಜೆಲ್‌ಗೆ ಹಾಕಿದಿರೋ, ಅದರೊಳಗಿನ ಕೋಟಿಗಟ್ಟಲೆ ಪ್ರತಿಗಳು ಕೋಣೆಗೆ ಹರಡಿ ಮುಂದಿನ ಪರೀಕ್ಷೆಯನ್ನೂ ಕೆಡಿಸುತ್ತವೆ. ಜೆಲ್‌ನಲ್ಲಿ ಕಾಣುವುದಾದರೂ ಏನು? ಏಣಿಯ ಮೆಟ್ಟಿಲಿನಂತೆ ಬ್ಯಾಂಡ್‌ಗಳ ಸಾಲು. ಕತ್ತರಿಸಿ ಸೀಕ್ವೆನ್ಸಿಂಗ್‌ಗೆ (ಡಿಎನ್ಎಯ ಅಕ್ಷರಗಳನ್ನು ಓದಿಸಲು) ಕಳಿಸಲು ಒಂದು ಒಳ್ಳೆಯ ಬ್ಯಾಂಡ್ ಇರುವುದಿಲ್ಲ.

ರಿಯಲ್ ಟೈಮ್ ಪಿಸಿಆರ್ ಬಗ್ಗೆ ದೂರು ಕಡಿಮೆ. ಟ್ಯೂಬ್ ಮುಚ್ಚೇ ಇರುತ್ತದೆ, ವೈರಸ್ ಎಷ್ಟಿದೆ ಅನ್ನುವ ಅಂದಾಜು ಸಿಗುತ್ತದೆ, ಸೂಕ್ಷ್ಮತೆಯೂ ಚೆನ್ನಾಗಿದೆ. ವೈರಸ್ಸಿನ ಡಿಎನ್ಎ ಗುರುತಿಸಿ ಹೊಳೆಯುವ ಪ್ರೋಬ್ ದುಬಾರಿ. ಹಿಗ್ಗಿಸುವ ತುಂಡು ಚಿಕ್ಕದು, ಅದರಿಂದ ವೈರಸ್ಸಿನ ಒಳಜಾತಿ ಹೇಳುವುದು ಕಷ್ಟ.

ಜೆಲ್ ಪಿಸಿಆರ್‌ನಲ್ಲಿ ನಾನು ಹಿಡಿಯುವುದು ಪಿ4ಬಿ ಜೀನ್. ವೈರಸ್ಸಿನ ತಿರುಳಿನ ಪ್ರೋಟೀನ್‌ಗೆ ಸೇರಿದ ಈ ಜೀನ್ ಹಕ್ಕಿ ಸಿಡುಬಿನ ವೈರಸ್‌ಗಳಲ್ಲೆಲ್ಲ ಹೆಚ್ಚು ಬದಲಾಗದೆ ಉಳಿದಿದೆ. ಜೆಲ್‌ನಲ್ಲಿ 578 ಬೇಸ್‌ಗಳ ಒಂದೇ ಬ್ಯಾಂಡ್. ಇದೆ ಅಥವಾ ಇಲ್ಲ. ಅದನ್ನೇ ಕತ್ತರಿಸಿ ಓದಿಸಿದರೆ ಕೋಳಿ ಸಿಡುಬಿನ ಗುಂಪೋ, ಕ್ಯಾನರಿ ಸಿಡುಬಿನದೋ, ಗಿಳಿಗಳದೋ ಅಂತ ತಿಳಿಯುತ್ತದೆ. ಪಾರಿವಾಳ ಮತ್ತು ಕೋಳಿ ಒಟ್ಟಿಗೆ ಸಾಕುವವರಿಗೆ ಈ ಮಾಹಿತಿ ನಿಜಕ್ಕೂ ಬೇಕು. ಹಕ್ಕಳೆ ಗಟ್ಟಿ ವಸ್ತು, ಚೆನ್ನಾಗಿ ಅರೆದು ಪ್ರೋಟೀನ್ ಕರಗಿಸುವ ಪ್ರೋಟಿನೇಸ್ ಕೆ ಕಿಣ್ವ ಹಾಕಿ 56 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡುತ್ತೇನೆ. ರಕ್ತ ಜಾಸ್ತಿ ಇದ್ದು ಬ್ಯಾಂಡ್ ಬರದಿದ್ದರೆ ಡಿಎನ್ಎಯನ್ನು ಹತ್ತು ಪಟ್ಟು ತೆಳು ಮಾಡಿ ಮತ್ತೆ ಹಾಕಿ. ಎಷ್ಟೋ ಸಲ ಅಷ್ಟರಲ್ಲೇ ಬ್ಯಾಂಡ್ ಎದ್ದು ಬರುತ್ತದೆ.

ನನಗೆ ಬರುವುದು ಒಂದು ಸಲಕ್ಕೆ ಬೆರಳೆಣಿಕೆಯ ಸ್ಯಾಂಪಲ್. ಉತ್ತರ ನಾಳೆ ಬಂದರೂ ನಡೆಯುತ್ತದೆ. ಸಾಮಾನ್ಯ ಪ್ರೈಮರ್ ಜೋಡಿಯ ಖರ್ಚು ನಮ್ಮ ಬಜೆಟ್ಟಿಗೆ ಹೊರೆಯಲ್ಲ. ದಿನವೂ ತಟ್ಟೆಗಟ್ಟಲೆ ಸ್ಯಾಂಪಲ್ ನೋಡುವವರು ಕಣ್ಣು ಮುಚ್ಚಿ ರಿಯಲ್ ಟೈಮ್ ತೆಗೆದುಕೊಳ್ಳಲಿ. ಲ್ಯಾಂಪ್ ಕಿಟ್ಟನ್ನು ನಾನಂತೂ ಮತ್ತೆ ತರಿಸುವುದಿಲ್ಲ.

ಒಂದು ವಿಷಯ ಮಾತ್ರ ನೆನಪಿಡಿ. ಲಸಿಕೆ ಹಾಕಿದ ಹಿಂಡಿನಲ್ಲೇ ಸಿಡುಬು ಕಂಡರೆ ಪಿ4ಬಿ ಬ್ಯಾಂಡ್ ಒಂದೇ ಸಾಲದು, ಲಸಿಕೆಯ ವೈರಸ್ಸಿನಿಂದಲೂ ಅದು ಬರುತ್ತದೆ. ಹೊರಗೆ ರೋಗ ಹರಡುವ ಎಷ್ಟೋ ಸಿಡುಬು ವೈರಸ್ ತಳಿಗಳ ಜೀನೋಮ್‌ನಲ್ಲಿ ರೆಟಿಕ್ಯುಲೋಎಂಡೋಥೀಲಿಯೋಸಿಸ್ ಅನ್ನುವ, ಹಕ್ಕಿಗಳ ಇನ್ನೊಂದು ವೈರಸ್ ಹೆಚ್ಚುಕಮ್ಮಿ ಪೂರ್ತಿಯಾಗಿ ಸೇರಿಕೊಂಡಿರುತ್ತದೆ. ಲಸಿಕೆ ತಳಿಗಳಲ್ಲಿ ಸಾಮಾನ್ಯವಾಗಿ ಅದರ ಚೂರು ಮಾತ್ರ ಉಳಿದಿರುತ್ತದೆ. ಅದಕ್ಕೆ ಅಂಥ ಸ್ಯಾಂಪಲ್‌ಗೆ ಅದೇ ಡಿಎನ್ಎ ಇಟ್ಟುಕೊಂಡು ಈ ಭಾಗಕ್ಕೂ ಇನ್ನೊಂದು ಪಿಸಿಆರ್ ಹಾಕುತ್ತೇನೆ.