ವಿಜಯಪುರದ ಬಿಸಿಲಿಗೆ ಒಪ್ಪುವ ಸೋಲಾರ್ ವಾಟರ್ ಹೀಟರ್

ನಮ್ಮ ಮಾಳಿಗೆಯ ಮೇಲೆ ಗಾಜಿನ ಕೊಳವೆಗಳ 100 ಲೀಟರಿನ ಸೋಲಾರ್ ವಾಟರ್ ಹೀಟರ್ ಕೂಡಿಸಿ ಎರಡು ವರ್ಷಗಳಾದವು. ಕೊಳವೆಯ ಕಪ್ಪು ಲೇಪನವು ಬೆಳಕಿನ ಶಕ್ತಿಯನ್ನು ಹೀರಿಕೊಂಡು ಶಾಖವಾಗಿ ಪರಿವರ್ತಿಸುತ್ತದೆ. ಕಾದ ನೀರು ಹಗುರಾಗಿ ತಾನಾಗಿಯೇ ಟ್ಯಾಂಕಿಗೆ ಏರುವುದರಿಂದ ಪಂಪಿನ ಅಗತ್ಯವೇ ಇಲ್ಲ. 25 ಡಿಗ್ರಿಯಲ್ಲಿರುವ ಇಷ್ಟು ನೀರನ್ನು 60 ಡಿಗ್ರಿಗೆ ತರಲು ಸುಮಾರು 4 ಯೂನಿಟ್ ವಿದ್ಯುತ್ತು ಬೇಕಾಗುತ್ತಿತ್ತು, ಅದನ್ನೀಗ ವಿಜಯಪುರದ ಬಿಸಿಲು ಪುಕ್ಕಟೆಯಾಗಿ ಕೊಡುತ್ತಿದೆ. ಡಿಸೆಂಬರಿನಲ್ಲಿ ನಲ್ಲಿಯಿಂದ ಹಬೆಯಾಡುವ ನೀರು ಬರುವಾಗಲೂ ಕೊಳವೆಯ ಹೊರಮೈ ಕೈಗೆ ತಣ್ಣಗೇ ಇರುತ್ತದೆ, ಏಕೆಂದರೆ ಎರಡು ಪದರಗಳ ನಡುವಿನ ನಿರ್ವಾತವು ಶಾಖವನ್ನು ಸೋರಗೊಡುವುದಿಲ್ಲ. ಇದನ್ನು ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಆದರೆ ನಮ್ಮ ಬೋರ್‌ವೆಲ್ಲಿನ ಗಡಸು ನೀರಿನಿಂದ ಕೊಳವೆಗಳೊಳಗೆ ಸುಣ್ಣದಂಥ ಬಿಳಿ ಪದರ ಕಟ್ಟಿತು, ಮತ್ತು ಮಾರಿದವರು ಇದರ ಬಗ್ಗೆ ಒಂದು ಮಾತನ್ನೂ ಹೇಳಿರಲಿಲ್ಲ. ವರ್ಷಕ್ಕೊಮ್ಮೆ ಸ್ವಚ್ಛಗೊಳಿಸುವ ಕರಾರನ್ನು ಖರೀದಿಸುವಾಗಲೇ ಬರೆಯಿಸಿಕೊಳ್ಳಿರಿ.